ಕ್ರಿಸ್ಮಸ್‌ವರೆಗೆ ಕಾಯಬೇಕಾಗಿಲ್ಲ

ಪ್ರಶ್ನೆ: ನಾವು ಕಲಬುರಗಿಯಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು, ಮಗ ಯುಕೆಜಿ. ನಮ್ಮ ಓಣಿಯಲ್ಲಿ ಕಥೋಲಿಕರ ಮನೆ ಅಂದರೆ ನಮ್ಮದೊಂದೇ. ಗಣೇಶನ ಹಬ್ಬ ಶುರುವಾದರೆ ದಸರಾ, ಸೀಗೆ ಹುಣ್ಣಿಮೆ, ದೀಪಾವಳಿ ಅಂತ ಒಂದಾದ ಮೇಲೊಂದು ಹಬ್ಬ. ‘ಮಮ್ಮಿ, ನಮ್ಮ ಹಬ್ಬ ಯಾವಾಗ?’ ಅಂತ ಮಕ್ಕಳು ಕೇಳ್ತಾರೆ. ಕ್ರಿಸ್ಮಸ್‌ಗೆ ಅಂದರೆ ಮುಖ ಸಪ್ಪಗೆ ಮಾಡುತ್ತಾರೆ. ನಮ್ಮ ಯಜಮಾನರು ಉಡುಪಿ ಕಡೆಯವರು. ಅವರ ಮನೆಯಲ್ಲಿ ಸೆಪ್ಟೆಂಬರ್ 8ಕ್ಕೆ ಭತ್ತದ ತೆನೆ ತರುತ್ತಿದ್ದರಂತೆ. ಇಲ್ಲಿ ಅದೆಲ್ಲಿಂದ ತರಲಿ? ಅಕ್ಟೋಬರ್‌ನಲ್ಲಿ ಜಪಸರಕ್ಕೆ (ರೋಸರಿಗೆ) ಕೂತರೆ ಚಿಕ್ಕವನು ಐದು ನಿಮಿಷವೂ ಕೂರಲ್ಲ. ಈ ಹಬ್ಬಗಳನ್ನು ಮನೆಯಲ್ಲಿ ಮಕ್ಕಳ ಜೊತೆ ಹೇಗೆ ಮಾಡೋದು, ಹೇಳಿ.

ಉತ್ತರ:

ತಂಗಿ, ಮಕ್ಕಳು ಕೇಳಿದ್ದು ನ್ಯಾಯವಾಗಿಯೇ ಇದೆ. ಅವರಿಗೆ ‘ಕ್ರಿಸ್ಮಸ್‌ಗೆ’ ಅಂತ ಹೇಳುವ ಅಗತ್ಯವೇ ಇಲ್ಲ. ಓಣಿಯಲ್ಲಿ ಹಬ್ಬ ನಡೆಯುವ ಇದೇ ಮೂರು ತಿಂಗಳಲ್ಲಿ ನಮ್ಮ ಧರ್ಮಸಭೆಯ ಕ್ಯಾಲೆಂಡರ್ ಕೂಡ ತುಂಬಿಕೊಂಡಿರುತ್ತದೆ. ಸೆಪ್ಟೆಂಬರ್ 5ಕ್ಕೆ ಮದರ್ ತೆರೇಸಾ, 8ಕ್ಕೆ ಮರಿಯ ಮಾತೆಯ ಹುಟ್ಟುಹಬ್ಬ, 14ಕ್ಕೆ ಪವಿತ್ರ ಶಿಲುಬೆಯ ಹಬ್ಬ, 29ಕ್ಕೆ ಮಹಾದೂತರ ಹಬ್ಬ. ಅಕ್ಟೋಬರ್ ಇಡೀ ತಿಂಗಳು ಜಪಸರಕ್ಕೆ. ನವೆಂಬರ್ 1ಕ್ಕೆ ಸಕಲ ಸಂತರು, 2ಕ್ಕೆ ಸತ್ತವರ ಸ್ಮರಣೆ. ಇಷ್ಟೆಲ್ಲ ಇದ್ದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ. ಯಾಕೆಂದರೆ ಇವು ಚರ್ಚಿನಲ್ಲಿ ಪೂಜೆಯ ಜೊತೆಗೇ ಮುಗಿದುಹೋಗುತ್ತವೆ, ಮನೆಯೊಳಗೆ ಬರುವುದೇ ಇಲ್ಲ.

ಮನೆಯೊಳಗೆ ತರುವುದಕ್ಕೆ ನಾನು ಹೇಳುವುದು ಒಂದೇ ಮಾತು. ಪ್ರತಿ ಹಬ್ಬಕ್ಕೂ ಮಗುವಿನ ಕೈಗೆ ಒಂದು ನಿಜವಾದ ಕೆಲಸ ಕೊಡಿ. ಚಿತ್ರಕ್ಕೆ ಬಣ್ಣ ತುಂಬಿಸಿ ಗೋಡೆಗೆ ಅಂಟಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮಗು ಮಾಡದಿದ್ದರೆ ಹಬ್ಬ ನಿಂತುಹೋಗುತ್ತದೆ ಅನ್ನುವಂಥ ಕೆಲಸ ಇರಬೇಕು. ಕಾಳು ಬಿಡಿಸುವುದು, ದೀಪ ಹಿಡಿಯುವುದು, ಡಬ್ಬಿ ಒಯ್ದು ಕೊಡುವುದು, ಸಮಾಧಿ ತೊಳೆಯುವುದು. ಗಣೇಶನ ಹಬ್ಬ ನಿಮ್ಮ ಓಣಿಯ ಮಕ್ಕಳಿಗೆ ಅಷ್ಟು ಇಷ್ಟ ಯಾಕೆ ಅಂತ ನೋಡಿ. ಪಟ್ಟಿ ಎತ್ತುವುದರಿಂದ ಹಿಡಿದು ಮಂಟಪ ಕಟ್ಟುವವರೆಗೆ ಅವರಿಗೆ ಕೆಲಸ ಇರುತ್ತದೆ, ಅಲ್ವಾ?

ಎಲ್ಲವನ್ನೂ ಮೊದಲನೇ ವರ್ಷವೇ ಮಾಡಲು ಹೋಗಬೇಡಿ. ಮೂರು ಸಾಕು: ಸೆಪ್ಟೆಂಬರ್ 8, ಅಕ್ಟೋಬರ್‌ನ ಜಪಸರ, ನವೆಂಬರ್ 2. ಉಳಿದವು ಕೈಗೆ ಬಂದಾಗ ಬರಲಿ. ಆದರೆ ಮಾಡಿದ್ದನ್ನು ಮುಂದಿನ ವರ್ಷವೂ ಹಾಗೆಯೇ ಮಾಡಿ. ಅದೇ ಪಾಯಸ, ಅದೇ ಹಾಡು, ಅದೇ ಮೂಲೆ. ಮಕ್ಕಳಿಗೆ ಹೊಸದು ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹಬ್ಬದ ವಿಷಯದಲ್ಲಿ ಅವರಿಗೆ ಬೇಕಾಗಿರುವುದು ಹೋದ ಸಲದ್ದೇ.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಕೆಂಪು ಎಲೆ, ಕುಂಬಳಕಾಯಿ, ಸೇಬಿನ ಕೇಕು ಅಂತ ಬೇರೆ ದೇಶದ ಮನೆಗಳು ಬರುತ್ತವೆ. ಅಲ್ಲಿ ಅದು ಎಲೆ ಉದುರುವ ಕಾಲ. ನಮ್ಮಲ್ಲಿ ಹೊಲ ತುಂಬುವ ಕಾಲ. ಹೆಸರು, ಉದ್ದು ಕಟಾವಿಗೆ ಬಂದಿರುತ್ತವೆ, ಸಜ್ಜೆ ತೆನೆ ಕಟ್ಟಿರುತ್ತದೆ, ತೊಗರಿ ಎದೆ ಮಟ್ಟಕ್ಕೆ ಬೆಳೆಯುತ್ತಿರುತ್ತದೆ. ದಸರೆಯಿಂದ ದೀಪಾವಳಿವರೆಗೆ ಚೆಂಡು ಹೂವು ರಾಶಿ ರಾಶಿ. ಇವೇ ನಿಮ್ಮ ಹಬ್ಬದ ಸಾಮಾನು.

ಈಗ ಸೆಪ್ಟೆಂಬರ್ 8ಕ್ಕೆ ಬರೋಣ. ನಿಮ್ಮ ಯಜಮಾನರು ಹೇಳಿದ್ದು ಮೊಂತಿ ಫೆಸ್ತ್. ಕರಾವಳಿಯಲ್ಲಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನದ ಪ್ರಾರ್ಥನೆ, ನೊವೆನ, ನಡೆಯುತ್ತದೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಫಾದರ್ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಆ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಂಡು ಕುಡಿಯುತ್ತಾರೆ. ಊರಲ್ಲಿ ಇಲ್ಲದವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಕಳಿಸುವ ರೂಢಿಯೂ ಇದೆ. ಊಟ ಅವತ್ತು ಸಸ್ಯಾಹಾರ.

ಇದರ ಜೀವ ಇರುವುದು ಭತ್ತದಲ್ಲಿ ಅಲ್ಲ. ಹೊಸ ಬೆಳೆಯ ಮೊದಲ ಹಿಡಿಯನ್ನು ತಾಯಿಯ ಹುಟ್ಟುಹಬ್ಬದಂದು ದೇವರ ಮುಂದಿಟ್ಟು, ಮನೆಯವರೆಲ್ಲ ಒಟ್ಟಿಗೆ ತಿನ್ನುವುದರಲ್ಲಿ. ಕರಾವಳಿಯಲ್ಲಿ ಆಗ ಮನೆಗೆ ಬರುವ ಹೊಸ ಬೆಳೆ ಭತ್ತ. ನಮ್ಮ ಕಡೆ ಹೆಸರು. ಆದ್ದರಿಂದ ನಿಮ್ಮ ಮನೆಯ ಮೊಂತಿ ಹಬ್ಬ ಹೆಸರು ಕಾಳಿನಲ್ಲಿ ಆಗಲಿ. ಹಳ್ಳಿಯಿಂದ ದಿನಾ ಕೆಲಸಕ್ಕೆ ಬರುವವರು ಯಾರಾದರೂ ಗೊತ್ತಿದ್ದರೆ ಒಂದು ಹಿಡಿ ಹೆಸರುಕಾಯಿ, ಎರಡು ಸಜ್ಜೆ ತೆನೆ ತಂದುಕೊಡಿ ಅಂತ ಹೇಳಿ. ಕಾಯಿ ಬಿಡಿಸುವುದು ಪೂರ್ತಿ ಮಕ್ಕಳ ಕೆಲಸ. ಒಣಗಿ ಕಪ್ಪಾದ ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಚಟ್ ಅಂತ ಬಿಡುತ್ತದೆ, ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ, ಹಸಿರು ಕಾಳು ತಟ್ಟೆಗೆ ಉರುಳುತ್ತವೆ. ಯುಕೆಜಿ ಹುಡುಗ ಕೂತಲ್ಲಿಂದ ಏಳುವುದಿಲ್ಲ, ನೋಡಿ. ಆ ಕಾಳನ್ನು ಹುರಿದು, ಕುಕ್ಕರಿನಲ್ಲಿ ಬೇಯಿಸಿ, ಬೆಲ್ಲ, ಹಾಲು, ಏಲಕ್ಕಿ ಹಾಕಿದರೆ ಪಾಯಸ ಆಯಿತು. ಬಿಡಿಸಿದ ಕಾಳು ಸಾಲದಿದ್ದರೆ ಅಂಗಡಿಯ ಹೆಸರು ಬೇಳೆ ಸೇರಿಸಿ. ಪರವಾಗಿಲ್ಲ.

ಹೂವಿನ ಕೆಲಸವೂ ಇರಲಿ. ಆಗಸ್ಟ್ 30ರಿಂದ ದಿನಾ ಸಂಜೆ ಮನೆಯ ಮರಿಯಮ್ಮನ ಚಿತ್ರದ ಮುಂದೆ ಒಂದೊಂದು ಹೂ. ದಾಸವಾಳ, ಕಣಗಿಲೆ, ನಂದಿಬಟ್ಟಲು, ಕಾಂಪೌಂಡಿನಲ್ಲಿ ಏನಿದೆಯೋ ಅದು. ಕೊಂಡು ತರುವುದು ಬೇಡ. ಮಗು ತಾನೇ ಹುಡುಕಿ ತರಬೇಕು. ತೆನೆ, ಕಾಳು ಆಶೀರ್ವದಿಸಿಕೊಡಿ ಅಂತ ಫಾದರ್‌ಗೆ ಹಿಂದಿನ ಭಾನುವಾರವೇ ಹೇಳಿಡಿ. ನಮ್ಮ ಕಲಬುರಗಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಆಗಿದ್ದು 2005ರಲ್ಲಿ. ಕರಾವಳಿಯಿಂದ, ಬಳ್ಳಾರಿ ಕಡೆಯಿಂದ, ತೆಲಂಗಾಣದಿಂದ ಬಂದವರು, ಇಲ್ಲಿಯವರೇ ಆದವರು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಎಲ್ಲರಿಗೂ ಒಂದೇ ಹಳೆಯ ರೂಢಿ ಇಲ್ಲ. ಹಾಗಾಗಿ ನೀವು ಶುರು ಮಾಡಿದ್ದನ್ನು ನಾಲ್ಕು ಮನೆಯವರು ನೋಡಿ ಮಾಡುತ್ತಾರೆ. ಅದು ಸಣ್ಣ ವಿಷಯ ಅಲ್ಲ.

ಊಟ ಸಸ್ಯಾಹಾರ ಅಂದೆನಲ್ಲ, ಅದರಿಂದ ಇನ್ನೊಂದು ಅನುಕೂಲ ಇದೆ. ಪಕ್ಕದ ಲಿಂಗಾಯತರ ಮನೆಗೂ ಎದುರಿನ ಸಾಬರ ಮನೆಗೂ ಪಾಯಸದ ಡಬ್ಬಿ ಒಂದೇ ಸಮನಾಗಿ ಹೋಗುತ್ತದೆ. ಡಬ್ಬಿ ಒಯ್ಯುವುದು ಮಗಳ ಕೆಲಸ. ‘ಇವತ್ತು ನಮ್ಮ ಮರಿಯಮ್ಮನ ಹುಟ್ಟುಹಬ್ಬ ಆಂಟಿ’ ಅಂತ ಅವಳೇ ಹೇಳಬೇಕು. ಓಣಿಯಲ್ಲಿ ನಮ್ಮದೊಂದೇ ಮನೆ ಅನ್ನುವ ಮುಜುಗರ ಮಗುವಿಗೆ ಹೋಗುವುದು ಹೀಗೆ, ನಾವು ಕೂರಿಸಿ ಹೇಳುವ ಧೈರ್ಯದ ಮಾತಿನಿಂದಲ್ಲ. ಇಷ್ಟು ದಿನ ಹೋಳಿಗೆ, ಕಡುಬು ಬರೀ ಈ ಕಡೆ ಬರುತ್ತಿದ್ದವು. ಈಗ ಆ ಕಡೆಗೂ ಒಂದು ಹೋಗುತ್ತದೆ.

ನೀವು ನೇರವಾಗಿ ಕೇಳಿಲ್ಲ, ಆದರೆ ಇದನ್ನು ಎಷ್ಟೋ ತಾಯಂದಿರು ಕೇಳುತ್ತಾರೆ: ದಸರೆಗೆ ಬನ್ನಿ ಕೊಡಲು ಬಂದರೆ, ದೀಪಾವಳಿಗೆ ಊಟಕ್ಕೆ ಕರೆದರೆ ಮಕ್ಕಳನ್ನು ಕಳಿಸಬೇಕಾ? ಕಳಿಸಿ. ಅವರ ಪೂಜೆ ಅವರದು, ಅವರ ಸಂತೋಷದಲ್ಲಿ ನಾವು ಪಾಲುದಾರರು. ಇಷ್ಟು ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ವ್ಯಾಟಿಕನ್ನಿನಿಂದಲೇ ಪ್ರತಿ ವರ್ಷ ಹಿಂದೂ ಬಾಂಧವರಿಗೆ ದೀಪಾವಳಿ ಶುಭಾಶಯದ ಸಂದೇಶ ಬರುತ್ತದೆ. ಮಕ್ಕಳ ಮುಂದೆ ಬೇರೆಯವರ ಹಬ್ಬವನ್ನು ಹಗುರಾಗಿ ಮಾತಾಡಿದರೆ ನಮ್ಮ ಹಬ್ಬ ದೊಡ್ಡದಾಗುವುದಿಲ್ಲ.

ಸೆಪ್ಟೆಂಬರ್ 14ಕ್ಕೆ ಜಾಸ್ತಿ ಏನೂ ಬೇಡ. ಎರಡು ತೊಗರಿ ಕಟ್ಟಿಗೆ, ಒಂದು ದಾರ. ಮಕ್ಕಳು ಶಿಲುಬೆ ಕಟ್ಟಿ ಬಾಗಿಲ ಮೇಲೆ ಇಡಲಿ. ಮುಂದಿನ ವರ್ಷದವರೆಗೆ ಅಲ್ಲೇ ಇರಲಿ.

29ನೇ ತಾರೀಕು ಮಿಖಾಯೇಲ್, ಗಬ್ರಿಯೇಲ್, ರಫಾಯೇಲ್ ಎಂಬ ಮೂವರು ದೇವದೂತರ ಹಬ್ಬ. ಅವತ್ತು ರಾತ್ರಿ ಬೈಬಲಿನ ತೋಬಿತನ ಗ್ರಂಥದ ಕಥೆ ಹೇಳಿ. ಕಣ್ಣು ಹೋದ ಅಪ್ಪ, ದೂರದ ಊರಿಗೆ ಹೊರಟ ಮಗ ತೋಬಿಯ, ಗುರುತು ಹೇಳದೆ ಜೊತೆಗೆ ನಡೆದ ರಫಾಯೇಲ್, ನದಿಯಲ್ಲಿ ಮೇಲೆ ಹಾರಿದ ಮೀನು, ಆ ಮೀನಿನ ಪಿತ್ತದಿಂದ ಅಪ್ಪನಿಗೆ ಕಣ್ಣು ಬಂದದ್ದು. ಇವರ ಹಿಂದೆ ಒಂದು ನಾಯಿಯೂ ಹೋಗುತ್ತದೆ, ನಾಯಿ ಅಂದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಮೂರು ದಿನ ಬಿಟ್ಟು ಅಕ್ಟೋಬರ್ 2ಕ್ಕೆ ಕಾವಲು ದೂತರ ಹಬ್ಬ. ಗಾಂಧಿ ಜಯಂತಿಗೆ ಶಾಲೆ ರಜ ಇರುವುದರಿಂದ ಅವತ್ತು ಪುಟ್ಟ ಪ್ರಾರ್ಥನೆಯೊಂದನ್ನು ಬಾಯಿಪಾಠ ಮಾಡಿಸಬಹುದು.

ಅಕ್ಟೋಬರ್ 1, ಲಿಸ್ಯೂವಿನ ಸಂತ ತೆರೇಸಾ. 1873ರಲ್ಲಿ ಹುಟ್ಟಿ 24ನೇ ವಯಸ್ಸಿಗೆ ತೀರಿಕೊಂಡವರು. ಮಠದಿಂದ ಹೊರಗೆ ಹೋಗಿ ದೊಡ್ಡ ಕೆಲಸ ಏನೂ ಮಾಡಲಿಲ್ಲ, ಆದರೂ 1927ರಲ್ಲಿ ಜಗದ್ಗುರುಗಳು (ಪೋಪ್) ಇವರನ್ನು ಮಿಷನ್‌ಗಳ ಪಾಲಕಿ ಅಂತ ಘೋಷಿಸಿದರು. ಚಿಕ್ಕವರಿದ್ದಾಗ ಇವರ ಹತ್ತಿರ ಜರುಗಿಸುವ ಮಣಿಗಳ ಒಂದು ದಾರ ಇತ್ತು. ದೇವರಿಗೋಸ್ಕರ ಒಂದು ಸಣ್ಣ ತ್ಯಾಗ ಮಾಡಿದರೆ ಒಂದು ಮಣಿ ಜರುಗಿಸುವುದು. ಬಳೆ ಅಂಗಡಿಯಲ್ಲಿ ಹತ್ತು ಮಣಿ ತಂದು ದಾರಕ್ಕೆ ಬಿಗಿಯಾಗಿ ಪೋಣಿಸಿ ಮಗಳಿಗೆ ಕೊಡಿ. ತಮ್ಮನಿಗೆ ಟಿವಿ ರಿಮೋಟ್ ಬಿಟ್ಟುಕೊಟ್ಟರೆ ಒಂದು ಮಣಿ. ಅಜ್ಜಿಗೆ ಕೇಳದೆಯೇ ನೀರು ತಂದುಕೊಟ್ಟರೆ ಒಂದು. ಎಷ್ಟಾಯಿತು ಅಂತ ನೀವು ಕೇಳಬೇಡಿ, ಬಹುಮಾನ ಕೊಡಬೇಡಿ. ಅದು ಅವಳಿಗೂ ದೇವರಿಗೂ ಬಿಟ್ಟದ್ದು.

4ನೇ ತಾರೀಕಿನ ಅಸ್ಸೀಸಿಯ ಸಂತ ಫ್ರಾನ್ಸಿಸ್ ಮಕ್ಕಳ ಪಾಲಿಗೆ ಬಂಗಾರದಂಥ ಸಂತ. ಅವರು ತೀರಿಕೊಂಡದ್ದು 1226ರಲ್ಲಿ. ಕ್ರಿಸ್ಮಸ್‌ಗೆ ನಾವು ಕಟ್ಟುವ ಗೋದಲಿಯ ರೂಢಿಗೆ ದಾರಿ ಮಾಡಿದ್ದೂ ಅವರೇ. 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಊರಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಯೇಸು ಹುಟ್ಟಿದ ರಾತ್ರಿಯನ್ನು ಜನರಿಗೆ ತೋರಿಸಿದರು. ಅವತ್ತು ಮಹಡಿ ಮೇಲೆ ಹಕ್ಕಿಗಳಿಗೆ ನೀರು ಇಡಲು ಮಗನಿಗೆ ಹೇಳಿ. ಅಗಲ ಬಾಯಿಯ ಮಣ್ಣಿನ ಬೋಗುಣಿ ಆಗಲಿ, ನಡುವೆ ಒಂದು ಕಲ್ಲಿಡಿ, ಹಕ್ಕಿಗೆ ಕೂರಲು ಜಾಗ ಬೇಕು. ದಿನಾ ತೊಳೆದು ತುಂಬುವುದು ಅವನ ಜವಾಬ್ದಾರಿ. ಅಕ್ಟೋಬರ್ ಬಿಸಿಲು ನಮ್ಮಲ್ಲಿ ಕಡಿಮೆಯೇನಲ್ಲ.

ಈಗ ಜಪಸರ. ಯುಕೆಜಿ ಮಗುವಿಗೆ ಐದು ರಹಸ್ಯ, ಅಂದರೆ ಯೇಸು, ಮರಿಯರ ಜೀವನದ ಐದು ಘಟನೆ ನೆನೆಯುತ್ತ ಹೇಳುವ ಜಪ, ಮುಗಿಯುವವರೆಗೆ ಕೂರು ಅನ್ನುವುದು ಜಾಸ್ತಿ ಆಯಿತು. ಬೈದು ಕೂರಿಸಿದರೆ ಮುಂದೆ ಜಪಸರ ಅಂದರೆ ಬೈಗುಳವೇ ನೆನಪಾಗುತ್ತದೆ. ದಿನಕ್ಕೆ ಒಂದೇ ರಹಸ್ಯ ಮಾಡಿ: ಒಂದು ಸಲ ಪ್ರಭು ಕಲಿಸಿದ ಪ್ರಾರ್ಥನೆ, ಹತ್ತು ಸಲ ನಮೋ ಮರಿಯ. ಐದು ನಿಮಿಷದೊಳಗೆ ಮುಗಿಯುತ್ತದೆ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು 20 ರಹಸ್ಯಗಳಾಗಿವೆ. ಅಕ್ಟೋಬರ್‌ಗೆ 31 ದಿನ. ಅಂದರೆ ಜ್ವರ, ಪರೀಕ್ಷೆ, ನೆಂಟರು ಅಂತ ಹತ್ತು ದಿನ ತಪ್ಪಿದರೂ ತಿಂಗಳಲ್ಲಿ ಇಪ್ಪತ್ತೂ ಮುಗಿಯುತ್ತವೆ. ಯೇಸುವಿನ ಜೀವನ ಮೊದಲಿಂದ ಕೊನೆವರೆಗೆ ಮಗುವಿಗೆ ಒಂದು ಸುತ್ತು ಗೊತ್ತಾಗುತ್ತದೆ.

ಕೈಗೆ ಕೆಲಸ ಹೀಗೆ ಕೊಡಿ. ಎರಡು ಬಟ್ಟಲು ಇಡಿ. ಒಂದರಲ್ಲಿ ಹತ್ತು ತೊಗರಿ ಕಾಳು. ಒಂದು ನಮೋ ಮರಿಯ ಮುಗಿದರೆ ಚಿಕ್ಕವನು ಒಂದು ಕಾಳನ್ನು ಆ ಬಟ್ಟಲಿಂದ ಈ ಬಟ್ಟಲಿಗೆ ಹಾಕಬೇಕು. ಸ್ಟೀಲ್ ಬಟ್ಟಲಾದರೆ ಟಿಂಗ್ ಅಂತ ಸದ್ದು ಬರುತ್ತದೆ, ಅದಕ್ಕೇ ಕಾಯುತ್ತಾನೆ. ಮಗಳಿಗೆ ಮಣಿ ಸರ ಕೊಡಿ. ಅವಳೇ ಮುಂದಾಳಾಗಿ ಹೇಳಿಕೊಡಲಿ, ನೀವು ಹಿಂದೆ ಹೇಳಿ. ರಹಸ್ಯ ಶುರು ಮಾಡುವ ಮುಂಚೆ ಎರಡು ವಾಕ್ಯದಲ್ಲಿ ಕಥೆ ಹೇಳಿ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿಹೋಯಿತು, ಅದನ್ನು ಮೊದಲು ಗಮನಿಸಿದ್ದು ಅಮ್ಮ ಮರಿಯ. ನಮ್ಮ ಕಡೆ ಮದುವೆ ಊಟಕ್ಕೆ ಹೋಗಿಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ‘ಇವತ್ತು ಯಾರಿಗೋಸ್ಕರ?’ ಅಂತ ಮಕ್ಕಳನ್ನೇ ಕೇಳಿ. ಕಾಲು ಮುರಿದ ನಾಯಿಮರಿ, ಶಾಲೆ ಬಿಟ್ಟುಹೋದ ಗೆಳತಿ, ಲಾರಿ ಓಡಿಸುವ ಮಾವ, ಯಾರ ಹೆಸರು ಬಂದರೂ ಒಪ್ಪಿಕೊಳ್ಳಿ. ತಿದ್ದಬೇಡಿ.

ಅಕ್ಟೋಬರ್ 7ರ ಜಪಸರ ಮಾತೆಯ ಹಬ್ಬದ ಬಗ್ಗೆ ಒಂದು ಸೂಕ್ಷ್ಮ ಹೇಳಲೇಬೇಕು. ಈ ಹಬ್ಬ ಹುಟ್ಟಿದ್ದು 1571ರ ಲೆಪಾಂಟೊ ಸಮುದ್ರ ಯುದ್ಧದ ನಂತರ. ಕ್ರೈಸ್ತ ರಾಜರ ಹಡಗುಗಳು ಆಟೊಮನ್ ತುರ್ಕರ ಹಡಗುಗಳನ್ನು ಸೋಲಿಸಿದವು. ಜನ ಜಪಸರ ಹೇಳಿದ್ದರಿಂದ ಗೆಲುವು ಬಂತು ಅಂತ ಆಗಿನವರು ನಂಬಿದರು. ಇಂಟರ್‌ನೆಟ್ಟಿನಲ್ಲಿ ಇದನ್ನು ಮುಸ್ಲಿಮರ ಮೇಲಿನ ಜಯ ಅಂತ ಮಕ್ಕಳಿಗೆ ಹೇಳುವ ವಿಡಿಯೊಗಳು ಸಿಗುತ್ತವೆ. ದಯವಿಟ್ಟು ತೋರಿಸಬೇಡಿ. ಬಂದೇ ನವಾಜರ ದರ್ಗಾ ಇರುವ ಊರು ನಮ್ಮದು. ನಿಮ್ಮ ಮಗಳ ಬೆಂಚಿನಲ್ಲೇ ಒಬ್ಬ ಮುಸ್ಲಿಂ ಹುಡುಗಿ ಕೂರುತ್ತಿರಬಹುದು. ಇತಿಹಾಸ ಮುಚ್ಚಿಡಬೇಕಾಗಿಲ್ಲ. ನಿಮ್ಮ ಮಗಳು ಹೈಸ್ಕೂಲಿಗೆ ಬಂದಾಗ ರಾಜರು, ವ್ಯಾಪಾರ, ಸಮುದ್ರದ ಹಿಡಿತ ಎಲ್ಲ ಸೇರಿಸಿ ಪೂರ್ತಿ ಹೇಳಿ. ಈಗ 7ನೇ ತಾರೀಕಿನ ದಿನ ಅಮ್ಮ ಮರಿಯ ತನ್ನ ಮಗನ ಕಡೆಗೆ ನಮ್ಮನ್ನು ಕೈ ಹಿಡಿದು ಕರೆದೊಯ್ಯುವ ಪ್ರಾರ್ಥನೆ ಇದು ಅಂದರೆ ಸಾಕು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಅಕ್ಟೋಬರ್ 12 ಕಾರ್ಲೊ ಅಕುತಿಸ್ ಹಬ್ಬ. 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಸಿಕ್ಕಿತು. ಜೀನ್ಸ್, ಶೂ ಹಾಕುತ್ತಿದ್ದ, ಕಂಪ್ಯೂಟರ್ ಚೆನ್ನಾಗಿ ಗೊತ್ತಿತ್ತು, ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ. ಸಂತರು ಅಂದರೆ ಗಡ್ಡದವರು, ಹಳೇ ಕಾಲದವರು ಅಂತ ತಿಳಿದ ಮಕ್ಕಳಿಗೆ ಈ ಹುಡುಗನ ಫೋಟೊ ತೋರಿಸಿ.

ನವೆಂಬರ್ 1 ನಮಗೆ ಎರಡೆರಡು ಹಬ್ಬ. ಬೆಳಿಗ್ಗೆ ಶಾಲೆಯಲ್ಲಿ ರಾಜ್ಯೋತ್ಸವ, ಕೈಯಲ್ಲಿ ಹಳದಿ ಕೆಂಪು ಬಾವುಟ. ಸಂಜೆ ಮನೆಯಲ್ಲಿ ಸಕಲ ಸಂತರ ಹಬ್ಬ. ಹಿಂದಿನ ದಿನ ಹ್ಯಾಲೋವೀನ್ ಅಂತ ದೆವ್ವದ ಮುಖವಾಡ ಹಾಕುವುದನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ, ಕೇಳುತ್ತಾರೆ. ಬೇಡ ಅಂತ ಸುಮ್ನೆ ಗದರಿಸುವ ಬದಲು ವೇಷದ ಆಸೆಯನ್ನು ಇಲ್ಲಿ ತೀರಿಸಿ. ನೀಲಿ ಅಂಚಿನ ಬಿಳಿ ಸೀರೆ ಸುತ್ತಿದರೆ ಮದರ್ ತೆರೇಸಾ. ಕಂದು ಚಾದರಕ್ಕೆ ಹಗ್ಗ ಕಟ್ಟಿದರೆ ಫ್ರಾನ್ಸಿಸ್. ನಿಮ್ಮ ಯಜಮಾನರಿಗೆ ಸಂತ ಜೋಸೆಫ್ ವಾಜ್ ಕಥೆ ಹೇಳಲು ಬಿಡಿ. ಶ್ರೀಲಂಕಾಕ್ಕೆ ಹೋಗುವ ಮುಂಚೆ, 1680ರ ದಶಕದಲ್ಲಿ ಅವರು ಕರಾವಳಿಯಲ್ಲಿ ಸೇವೆ ಮಾಡಿದವರು. ಅಪ್ಪನ ಊರಿನ ಕಡೆ ಓಡಾಡಿದ ಸಂತ ಅಂದರೆ ಮಕ್ಕಳಿಗೆ ಹತ್ತಿರವಾಗುತ್ತದೆ. ಮಕ್ಕಳ ಹೆಸರಿನ ಸಂತರು ಯಾರು, ಅವರ ಹಬ್ಬ ಯಾವತ್ತು ಅನ್ನುವುದನ್ನೂ ಅವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ನವೆಂಬರ್ 2. ಮಕ್ಕಳನ್ನು ಸಮಾಧಿಗೆ ಕರೆದುಕೊಂಡು ಹೋಗಬಾರದು, ಹೆದರುತ್ತಾರೆ ಅಂತ ಹಿರಿಯರು ಹೇಳಬಹುದು. ನನ್ನ ಅನುಭವ ಬೇರೆ. ಕತ್ತಲಲ್ಲಿ ಕರೆದೊಯ್ದು ಗುಸುಗುಸು ಮಾತಾಡಿದರೆ ಹೆದರುತ್ತಾರೆ. ಬಿಸಿಲಿರುವಾಗಲೇ ಹೋಗಿ ಕೆಲಸ ಕೊಟ್ಟರೆ ಹೆದರಿಕೆಗೆ ಸಮಯವೇ ಇರುವುದಿಲ್ಲ. ಒಂದು ಕ್ಯಾನ್ ನೀರು, ತೆಂಗಿನ ನಾರು, ಪೊರಕೆ, ಚೆಂಡು ಹೂವು, ಮೇಣದಬತ್ತಿ ಒಯ್ಯಿರಿ. ಕಳೆ ಕೀಳುವುದು ಮಗನಿಗೆ. ಕಲ್ಲಿನ ಮೇಲಿನ ಹೆಸರನ್ನು ನಾರಿನಿಂದ ತಿಕ್ಕಿ ತೊಳೆಯುವುದು ಮಗಳಿಗೆ. ಧೂಳು ಹೋಗಿ ಅಕ್ಷರ ಒಂದೊಂದೇ ಕಾಣತೊಡಗಿದಾಗ ಅವಳೇ ಗಟ್ಟಿಯಾಗಿ ಓದುತ್ತಾಳೆ. ಆಗ ಆ ಅಜ್ಜನೋ ಮುತ್ತಜ್ಜಿಯೋ ಯಾರು, ಏನು ಮಾಡುತ್ತಿದ್ದರು, ಏನು ತಿನ್ನಲು ಇಷ್ಟಪಡುತ್ತಿದ್ದರು ಅಂತ ಹೇಳಿ. ಗಾಳಿಗೆ ಬತ್ತಿ ಆರುತ್ತದೆ. ಅರ್ಧ ತೆಂಗಿನ ಚಿಪ್ಪಿನಲ್ಲಿ ಮರಳು ಹಾಕಿ ನಿಲ್ಲಿಸಿ.

ನಿಮ್ಮವರ ಸಮಾಧಿ ಉಡುಪಿಯಲ್ಲೋ ಬೇರೆ ಊರಲ್ಲೋ ಇರಬಹುದು. ಆಗ ಇಲ್ಲಿ ಯಾರೂ ಬಾರದ ಒಂದು ಸಮಾಧಿ ಆರಿಸಿಕೊಳ್ಳಿ. ವರ್ಷವರ್ಷ ಅದು ನಿಮ್ಮ ಮಕ್ಕಳದು. ಕೆಲಸದಿಂದಾಗಿ 2ನೇ ತಾರೀಕು ಆಗದಿದ್ದರೆ 8ರವರೆಗೂ ಹೋಗಬಹುದು. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಧರ್ಮಸಭೆ ವಿಶೇಷವಾಗಿ ಎಣಿಸುತ್ತದೆ. ‘ಅಜ್ಜ ಈಗ ಎಲ್ಲಿದ್ದಾನೆ?’ ಅಂತ ಚಿಕ್ಕವನು ಕೇಳೇ ಕೇಳುತ್ತಾನೆ. ನಿದ್ದೆ ಮಾಡುತ್ತಿದ್ದಾನೆ ಅನ್ನಬೇಡಿ, ರಾತ್ರಿ ಮಲಗಲು ಹೆದರುತ್ತಾನೆ. ‘ಅಜ್ಜ ತೀರಿಕೊಂಡರು. ದೇವರ ಹತ್ತಿರ ಹೋಗಿದ್ದಾರೆ. ನಾವು ಅವರಿಗೋಸ್ಕರ ಪ್ರಾರ್ಥನೆ ಮಾಡುತ್ತೇವೆ. ಒಂದು ದಿನ ಮತ್ತೆ ಸಿಗುತ್ತೇವೆ.’ ಇಷ್ಟೇ. ನಿಮಗೆ ಅಳು ಬಂದರೆ ಅಳಿ, ಮಕ್ಕಳು ನೋಡಲಿ.

ನವೆಂಬರ್ 11 ಸಂತ ಮಾರ್ಟಿನ್. ಸೈನಿಕನಾಗಿದ್ದಾಗ ಫ್ರಾನ್ಸಿನ ಆಮಿಯೆನ್ ಊರ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ನೋಡಿ ತನ್ನ ಮೇಲಂಗಿಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಕೊಟ್ಟವರು. ಆ ಹೊತ್ತಿಗೆ ನಮ್ಮಲ್ಲೂ ಬೆಳಗಿನ ಚಳಿ ಶುರುವಾಗಿರುತ್ತದೆ, ಬೀದರ್ ಕಡೆ ಇನ್ನೂ ಜಾಸ್ತಿ. ರೈಲ್ವೆ ಸ್ಟೇಷನ್ ಹೊರಗೆ, ಬಸ್ ಸ್ಟ್ಯಾಂಡಿನಲ್ಲಿ ಬರೀ ನೆಲದ ಮೇಲೆ ಮಲಗುವವರಿದ್ದಾರೆ. ಹಿಂದಿನ ರಾತ್ರಿ ಮಕ್ಕಳ ಬೀರು ತೆಗೆದು ಯಾವ ಸ್ವೆಟರ್, ಯಾವ ಚಾದರ ಕೊಡಬೇಕು ಅಂತ ಅವರೇ ಆರಿಸಲಿ. ಒಂದೇ ಷರತ್ತು: ಹರಿದದ್ದು, ಗುಂಡಿ ಇಲ್ಲದ್ದು, ಬಣ್ಣ ಹೋದದ್ದು ಬೇಡ. ತಾವು ಇನ್ನೂ ಹಾಕಿಕೊಳ್ಳುವಂಥದ್ದೇ ಕೊಡಬೇಕು. ಮಗಳು ಸ್ವಲ್ಪ ಹೊತ್ತು ಯೋಚನೆ ಮಾಡಬಹುದು. ಅವಸರ ಮಾಡಬೇಡಿ. ಒಗೆದು ಮಡಚಿಟ್ಟು, ಸಂಜೆ ಅಪ್ಪನ ಜೊತೆ ಗಾಡಿಯಲ್ಲಿ ಹೋಗಿ ತನ್ನ ಕೈಯಿಂದಲೇ ಕೊಟ್ಟು ಬರಲಿ. ಮೊಬೈಲಿನಲ್ಲಿ ಫೋಟೊ ಮಾತ್ರ ಬೇಡ.